ಮೇಡಂ ಒತ್ತಿ ಹಿಡಿದ ಬಲ

ಕೇಳಿದ ಸುದ್ದಿಯಲ್ಲ, ನನ್ನ ಮೈಮೇಲೆಯೇ ನಡೆದದ್ದು. ಮೂಟೆ ಹೊರುವ ನನ್ನ ಬಲಗೈ ಲಕ್ವ ಹೊಡೆದು ಸೌದೆಯಂತೆ ಬಿದ್ದಿತ್ತು. ಅದು ಏಳದಿದ್ದರೆ ಹೊಟ್ಟೆಪಾಡಿಗೆ ಕಲ್ಲು ಬಿದ್ದಂತೆಯೇ. ಕಡ್ಡಿಯಂತಿದ್ದ ಫಿಸಿಯೋ ಮೇಡಂ ನನ್ನ ಮಣಿಕಟ್ಟಿನ ಮೇಲೆ ಅಂಗೈ ಇಟ್ಟು, "ಎಲ್ಲಿ, ನನ್ನ ಕೈನ ಮೇಲಕ್ಕೆ ತಳ್ಳಿ ಅಣ್ಣ" ಎಂದರು.

ಹಲ್ಲು ಕಚ್ಚಿ ಮುಕ್ಕಿರಿದೆ. ನನ್ನ ಕೈ ಹಾಸಿಗೆ ಬಿಟ್ಟು ಏಳಲಿಲ್ಲ. ಮೇಡಂ ಅಂಗೈ ಮಾತ್ರ ನಡುಗುತ್ತಾ ಅವರ ಭುಜದವರೆಗೂ ಮೇಲೆ ಹೋಯಿತು.

"ತಮಾಷೆ ಮಾಡ್ತಿದೀರಾ ಮೇಡಂ?"

"ನಾನೆಲ್ಲಿ ಮಾಡ್ತಿದೀನಿ? ತಳ್ತಿರೋದು ನೀವು! ಅಬ್ಬಾ, ಅಂಗೈಗೆ ತಾಗ್ತಿರೋದು ಎಷ್ಟು ತಣ್ಣಗಿದೆ!"

ಬೇರೆ ಯಾರಾದರೂ ಆಗಿದ್ದರೆ ಓಟ ಕೀಳುತ್ತಿದ್ದರು. ಆ ಪುಣ್ಯಾತ್ಗಿತ್ತಿ ಕಾಲೂರಿ ನಿಂತು ಬರಿ ಗಾಳಿಯನ್ನು ಕೆಳಕ್ಕೆ ಒತ್ತುತ್ತಾ, "ಬಲಕ್ಕೇನೂ ಕಮ್ಮಿ ಇಲ್ಲ ಅಣ್ಣ. ಕೈ ಅದರ ಹತ್ತಿರ ಬರಬೇಕು, ಅಷ್ಟೇ" ಎಂದರು.

ದಿನಾ ಹಾಗೆಯೇ ಒತ್ತಿ ಒತ್ತಿ ಕೈಯನ್ನು ಅದರ ಹತ್ತಿರ ತರಿಸಿಯೇಬಿಟ್ಟರು. ಈಗ ಮತ್ತೆ ಮೂಟೆ ಎತ್ತುತ್ತೇನೆ. ಆದರೆ ನನ್ನ ಬೆರಳು ತಾಗುವ ಮೊದಲೇ ಮೂಟೆ ನೆಲದಿಂದ ಒಂದು ಗೇಣು ಮೇಲೆದ್ದಿರುತ್ತದೆ.