ಕೆಂಪಾದ ಎಂಜಲು

ಮುದ್ದೆ ತಿರುವುತ್ತಿದ್ದ ಕುಸುಮಳ ಕೈ ಹಾಗೇ ನಿಂತಿತು. ಬೆಳಿಗ್ಗೆ ಅವಳು ಉಗುಳಿ, ಮುಚ್ಚಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಕೊಳವೆಯಲ್ಲಿ ಎಂಜಲು ಗೆರೆಯ ಮಟ್ಟಕ್ಕಿತ್ತು, ತಿಳಿಯಾಗಿತ್ತು. ಈಗ ಗೆರೆ ದಾಟಿ ಕೆಂಪಾಗಿತ್ತು.

ಹನಕೆರೆ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕ ಕೂಸು ಅವಳು. ಯಶೋದಮ್ಮ ಎತ್ತಿ ತಂದು ಮದ್ದೂರಿನ ಈ ಮನೆಯಲ್ಲಿ ಸಾಕಿದ್ದಳು. ಕನ್ನಡಿಯ ಮುಂದೆ ನಿಂತಾಗಲೆಲ್ಲ ಈ ಮೂಗು ಯಾರದೆಂಬ ಹಂಬಲ. ಎಂಜಲು ಕಳಿಸಿದರೆ ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಕಂಪನಿಯನ್ನು ಫೋನಿನಲ್ಲಿ ನೋಡಿ ಕೊಳವೆ ತರಿಸಿದ್ದಳು. ಸಂಜೆ ಅದನ್ನು ಒಯ್ಯಲು ಕೊರಿಯರಿನವನು ಬರುವವನಿದ್ದ.

ಬೀದಿಯಲ್ಲಿ ಸರ ಕಳೆದರೂ ಕೋಳಿ ಕಳೆದರೂ ಪತ್ತೆ ಮಾಡುತ್ತಿದ್ದವರು ಪಕ್ಕದ ಮನೆಯ ನಿವೃತ್ತ ವಿಜ್ಞಾನ ಟೀಚರು ಕನಕಲಕ್ಷ್ಮಿ. ಕರೆದೊಡನೆ ಬಂದು ಕೊಳವೆಯನ್ನು ಬೆಳಕಿಗೆ ಹಿಡಿದರು. ಅದರ ಬಾಯಂಚಿನಲ್ಲಿ ಕೆಂಪು ತುಟಿಯ ಗುರುತು. ಕುಸುಮ ಅರ್ಧಕ್ಕೇ ಬಿಟ್ಟೆದ್ದ ತಟ್ಟೆಯನ್ನು ಯಶೋದಮ್ಮ ಎಂದಿನಂತೆ ಎಳೆದುಕೊಂಡು ಉಣ್ಣುವುದನ್ನೂ ನೋಡಿದರು. ಊಟವಾದ ಮೇಲೆ ಮನೆಯವರೆಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

"ಬ್ಯಾಡ ಅಂತ ಬಡ್ಕಂಡೆ ಕಣಮ್ಮ," ಎಂದ ಸೋದರಮಾವ ನಾಗರಾಜು. "ನಾಳೆ ಯಾವ್ದೋ ಜಾತಿ ಅಂತ ಬಂದ್ರೆ ಊರೋರ ಬಾಯಿ ಮುಚ್ಚೋರ್ಯಾರು? ಅಂಗಂತ ನಾನು ಮುಟ್ನಿಲ್ಲ."

"ಎಂಜಲ ಅನ್ನ ಬೇಯ್ಸೋ ತಾವ ಇಟ್ಟವ್ಳೆ, ಥೂ!" ಎಂದಳು ಸೋದರತ್ತೆ ಚಿಕ್ಕಬೋರಮ್ಮ. "ನಮ್ಮೆಮ್ಮೆಗೂ ಒಂದು ತರ್ಸವ್ವ, ಅದರಪ್ಪ ಯಾರು ಅಂತ ತಿಳೀಲಿ. ನಾನು ಅತ್ತಾಗೆ ತಲೆನೂ ಆಕ್ನಿಲ್ಲ."

ಯಶೋದಮ್ಮ ಎಲೆಗೆ ಸುಣ್ಣ ಸವರತೊಡಗಿದಳು.

"ಕೆಂಪು ಎಲೆಅಡಿಕೆಯದು," ಎಂದರು ಕನಕಲಕ್ಷ್ಮಿ. "ಕುಸುಮ ಹಾಕುವುದಿಲ್ಲ, ನೀವು ಮೂವರೂ ಹಾಕುತ್ತೀರಿ. ತಡೆಯಬೇಕೆಂದಿದ್ದರೆ ಬಚ್ಚಲಿಗೆ ಸುರಿದರೆ ಸಾಕಿತ್ತು. ಚೆಲ್ಲಲಿಲ್ಲ, ಸೇರಿಸಿದ್ದಾರೆ. ಅಂದಮೇಲೆ ಕೆಡಿಸುವ ಮನಸ್ಸಲ್ಲ. ಇನ್ನು, ಇವಳ ಎಂಜಲಿಗೆ ಹೇಸದೆ ತುಟಿಯಿಟ್ಟವರು ಯಾರು? ಇವಳ ತಟ್ಟೆಯಲ್ಲಿ ಉಣ್ಣುವವರು ಈ ಮನೆಯಲ್ಲಿ ಒಬ್ಬರೇ."

ಯಶೋದಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. "ನನ್ ಎಂಜಲೂ ಬೆರ್ತ್ರೆ ನನ್ ಹೆಸ್ರೂ ಬತ್ತದೆ ಅನ್ಕಂಡೆ ಕಣವ್ವ. ಹೆತ್ತೋರ ಹೆಸ್ರು ಬರ್ಲಿ, ಬ್ಯಾಡ ಅನ್ನಕಿಲ್ಲ. ನಂದೂ ಒಸಿ ಬರ್ಲಿ ಅಂತ."

ನಾಗರಾಜು ನೆಲ ನೋಡಿದ.

"ಎರಡು ಬೆರೆತರೆ ಏನೂ ತಿಳಿಯುವುದಿಲ್ಲ," ಕನಕಲಕ್ಷ್ಮಿ ಮೆಲ್ಲಗೆ ಹೇಳಿದರು. "ಹೊಸ ಕೊಳವೆ ಕೇಳು ಕುಸುಮ, ಕಳಿಸುತ್ತಾರೆ."

ಆಗಲಿ ಎಂದು ಕುಸುಮ ತಲೆಯಾಡಿಸಿದಳು. ಸಂಜೆ ಗೇಟಿನಲ್ಲಿ ಕೊರಿಯರಿನವನು ಕೂಗಿದಾಗ ಕನ್ನಡಿಯಲ್ಲಿ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಆ ಕೆಂಪು ಕೊಳವೆಯನ್ನೇ ಡಬ್ಬಿಯಲ್ಲಿಟ್ಟು ಅಂಟಿಸಿದಳು. ಹೊಸದನ್ನು ಕೇಳುವುದಿಲ್ಲವೆಂದು ಗೇಟಿಗೆ ಹೋಗುವಷ್ಟರಲ್ಲಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಡಬ್ಬಿಯನ್ನು ಅವನ ಕೈಗಿತ್ತಳು.

"ಅವ್ನಿಗೇನ್ ಕೊಟ್ಯವ್ವ?" ಒಳಗಿನಿಂದ ಯಶೋದಮ್ಮ ಕೇಳಿದಳು.

"ಏನಿಲ್ಲ ಬುಡವ್ವ," ಎಂದು ಕುಸುಮ ಒಳಬಂದು ಒಲೆ ಹಚ್ಚಿದಳು.