ಸಾರಿಸಿದವಳ ಹಿಮ್ಮಡಿ

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದಲ್ಲಿ ತೊರೆಗಾವಿ ಎಂಬ ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಕೆರೆ, ಕೆರೆಗೆ ಒಂದೇ ಏರಿ. ವರ್ಷಕ್ಕೊಮ್ಮೆ ಅರಮನೆಯ ಅಂಗಳವನ್ನು ಕೆಮ್ಮಣ್ಣಿನಿಂದ ಸಾರಿಸಿ, ಹಸಿಯಿರುವಾಗಲೇ ರಾಜಕುಮಾರಿ ಅದರ ಮೇಲೆ ನಡೆಯಬೇಕು. ಅಂಗಳ ತುಳಿದ ಹಿಮ್ಮಡಿ ನುಣುಪಾಗಿದ್ದರೆ ಏರಿ ಗಟ್ಟಿ. ಹಿಮ್ಮಡಿ ಒಡೆದರೆ ಏರಿಯೂ ಒಡೆಯುತ್ತದೆ. ಅದು ಆ ನೆಲದ ಕಟ್ಟಳೆ.

ನಡೆಯುವವಳು ರಾಜಕುಮಾರಿ ಪದುಮಲೆ. ಸಾರಿಸುವವಳು ಅವಳ ದಾದಿಯ ಮಗಳು ಸಾಂತಲಿ. ಇಬ್ಬರೂ ಒಂದೇ ಎದೆಯ ಹಾಲು ಕುಡಿದವರು. ಆದರೂ ಒಬ್ಬಳ ಪಾದಕ್ಕೆ ದಿನಾ ಹರಳೆಣ್ಣೆ, ಇನ್ನೊಬ್ಬಳದು ಅರಮನೆಯ ಗೋಡೆ ನೆಲ ಸಾರಿಸುತ್ತ ದಿನವಿಡೀ ಸುಣ್ಣ ಬೆರೆತ ಮಣ್ಣಿನಲ್ಲಿ. ಅವ್ವ ಇದ್ದಾಗ ಸಾಂತಲಿಯ ಹಿಮ್ಮಡಿಗೂ ಎಣ್ಣೆ ಸವರುತ್ತಿದ್ದಳು. ಅವ್ವ ಸತ್ತ ವರ್ಷ ಅವು ಬಿರಿದವು. ಏರಿಯೂ ಅದೇ ವರ್ಷ ಸಣ್ಣಗೆ ಜಿನುಗಿತು. ಯಾರು ನೋಡಿದರು?

"ಆಹಾ, ಎಂಥ ಪಾದ!" ಎಂದು ಜನ ಪದುಮಲೆಯನ್ನು ಕೊಂಡಾಡಿದಾಗಲೆಲ್ಲ ಸಾಂತಲಿಯ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. 'ನನ್ನವ್ವನ ಹಾಲಿನಿಂದ ಬೆಳೆದ ಪಾದ ಅದು. ನಾನು ಬಗ್ಗಿ ಸಾರಿಸಬೇಕು, ಅವಳು ಮೆರೆಯಬೇಕು!' ಅನ್ನ ಸೇರದು, ನಿದ್ದೆ ಬಾರದು.

ಬೋಳುಗುಡ್ಡದ ಮಾಂತ್ರಿಕ ಗವಿಲನಿಗೆ ಹೊಟ್ಟೆಕಿಚ್ಚಿನ ವಾಸನೆ ಹತ್ತು ಗಾವುದ ದೂರದಿಂದಲೂ ಬಡಿಯುತ್ತಿತ್ತು. ಅವನ ಮಾಯಾದಂಡ ಕೆರೆಯ ತಳದಲ್ಲಿ ಹೂತುಹೋಗಿತ್ತು. ಕೆರೆ ಬರಿದಾದರೆ ಸಾಕು ಅವನಿಗೆ. ವಾಸನೆ ಹಿಡಿದು ಸಾಂತಲಿಯ ಬಳಿಗೆ ಬಂದ.

"ಮಗಳೇ, ಈ ಬೂದಿಯನ್ನು ಕೆಮ್ಮಣ್ಣಿಗೆ ಕಲಸು. ಅವಳ ಹಿಮ್ಮಡಿ ನಿನ್ನದಕ್ಕಿಂತ ಕಡೆಯಾಗುತ್ತದೆ," ಎಂದ.

ಸಾಂತಲಿ ಬೂದಿ ಸುರಿದು, ಮಣ್ಣನ್ನು ತುಳಿತುಳಿದು ಕಲಸಿದಳು, ಸಾರಿಸಿದಳು. ಪದುಮಲೆ ಏಳು ಹೆಜ್ಜೆ ಇಡುವಷ್ಟರಲ್ಲಿ ಅವಳ ಹಿಮ್ಮಡಿ ಸೀಳಿ ರಕ್ತ ಬಂತು. ಒಂದು ಗಳಿಗೆ ಸಾಂತಲಿಗೆ ಹಾಯೆನಿಸಿತು. ಮರುಗಳಿಗೆಯೇ ಏರಿ ಬಿರಿದು, ಕೆಳಗಿನ ಕೇರಿಗೆ ನೀರು ನುಗ್ಗಿತು. ಮೂರು ದಿನದಲ್ಲಿ ರಾಜ್ಯವೇ ಕೊಚ್ಚಿಹೋಗಲಿತ್ತು.

ತಾನು ಮಾಡಿದ್ದು ಏನೆಂದು ಸಾಂತಲಿಗೆ ಆಗ ಹೊಳೆಯಿತು. ನೆನೆಸು, ಉಜ್ಜು, ಸವರು: ಅವ್ವನ ಉಪಚಾರ ಅವಳಿಗೆ ಗೊತ್ತಿತ್ತು. ಆದರೆ ಮಾಯೆಯ ಬಿರುಕಿಗೆ ಬೋಳುಗುಡ್ಡದ ಆಚೆಗಿರುವ ಮಾಯಾವನದ ಮದ್ದೇ ಬೇಕು. ಹೊರಟೇಬಿಟ್ಟಳು.

ಮೊದಲ ದಿನ ಬಿಸಿನೀರ ಚಿಲುಮೆ. ಕಾವಲಿಗೆ ಹುಲಿ. "ಯಾರ ಪಾದಕ್ಕೆ?" ಎಂದಿತು.

"ರಾಜಕುಮಾರಿಯ ಪಾದಕ್ಕೆ."

"ನಿನ್ನ ಪಾದಕ್ಕೆ?"

"ನನ್ನದನ್ನು ಯಾರು ಕೇಳುತ್ತಾರೆ!" ಎಂದು ಸಿಡುಕಿದಳು. ಹುಲಿ ಎರಡು ಬಿಂದಿಗೆ ನೀರು ಕೊಟ್ಟಿತು.

ಎರಡನೆಯ ದಿನ ಉಜ್ಜುವ ಕಲ್ಲು. ಸುತ್ತ ಹೆಬ್ಬಾವು. ಅದೇ ಪ್ರಶ್ನೆ. "ಎಲ್ಲವೂ ಅವಳಿಗೇ! ಹುಟ್ಟಿದಾಗಿನಿಂದ ಅವಳಿಗೇ!" ಎಂದು ಕಿರುಚಿದಳು. ಹೆಬ್ಬಾವು ಎರಡು ಕಲ್ಲು ಉರುಳಿಸಿತು.

ಮೂರನೆಯ ದಿನ ಜೇನುಮೇಣ. ಎದುರಿಗೆ ಕರಡಿ. ಅದೇ ಪ್ರಶ್ನೆ. ಈ ಸಲ ಸಾಂತಲಿ ಅವ್ವ ನೆನಪಾಗಿ ಗೊಳೋ ಎಂದು ಅತ್ತಳು. ಕರಡಿ ಎರಡು ಉಂಡೆ ಮೇಣ ಅವಳ ಸೆರಗಿಗೆ ಹಾಕಿತು.

ಅರಮನೆಗೆ ಓಡಿಬಂದು ಪದುಮಲೆಯ ಪಾದ ನೆನೆಸಿದಳು, ಮೆಲ್ಲಗೆ ಉಜ್ಜಿದಳು, ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಸವರಿದಳು. ಬಿರುಕು ಕೂಡಿತು, ಪಾದ ನುಣುಪಾಯಿತು. ಏರಿ ಮಾತ್ರ ಕೂಡಲಿಲ್ಲ! ನೀರು ಅರಮನೆಯ ಮೆಟ್ಟಿಲಿಗೆ ಬಂತು.

ಸಾಂತಲಿ ಪದುಮಲೆಯ ಕಾಲು ಹಿಡಿದಳು. "ಬೂದಿ ಕಲಸಿದವಳು ನಾನೇ, ತಂಗೀ. ನಿನ್ನ ಪಾದ ಕಂಡು ಹೊಟ್ಟೆ ಉರಿಯುತ್ತಿತ್ತು."

ಪದುಮಲೆಯ ಮುಖ ಕೆಂಪಾಯಿತು. ಬಯ್ಯಲು ಬಾಯಿ ತೆರೆದವಳು ಥಟ್ಟನೆ ನಿಂತಳು. "ಕೈಯಲ್ಲಿ ಕಲಸಿದೆಯೋ, ಕಾಲಿನಲ್ಲೋ?"

"ಕಾಲಿನಲ್ಲಿ."

"ಹಾಗಾದರೆ ಅಂಗಳದ ಮಣ್ಣನ್ನು ಮೊದಲು ತುಳಿದವಳು ನೀನಲ್ಲವೇ, ಅಕ್ಕಾ? ಎಲ್ಲಿ, ಕಾಲು ಚಾಚು."

ಸಾಂತಲಿಯ ಹಿಮ್ಮಡಿ ಬೆರಳು ತೂರುವಷ್ಟು ಸೀಳಿತ್ತು. ಪದುಮಲೆ ಅದನ್ನು ಮಡಿಲಿಗೆಳೆದುಕೊಂಡಳು. ಎರಡನೆಯ ಬಿಂದಿಗೆ, ಎರಡನೆಯ ಕಲ್ಲು, ಎರಡನೆಯ ಉಂಡೆ. ಸವರಿ ಮುಗಿಸಿದ್ದೇ ತಡ, ಏರಿ ಗುಡುಗಿ ಕೂಡಿಕೊಂಡಿತು. ಬಿರುಕಿನೊಳಗೆ ನುಸುಳಿ ಕೆರೆಯ ತಳದ ದಂಡಕ್ಕಾಗಿ ತಡಕಾಡುತ್ತಿದ್ದ ಗವಿಲ ಅಲ್ಲಿಯೇ ಮಣ್ಣಾದ.

ಅಂದಿನಿಂದ ಇಬ್ಬರೂ ಕೂಡಿಯೇ ಮಣ್ಣು ತುಳಿದರು, ಕೂಡಿಯೇ ನಡೆದರು. ಮಲಗುವ ಮುನ್ನ ಒಬ್ಬರ ಹಿಮ್ಮಡಿಗೆ ಇನ್ನೊಬ್ಬರು ಎಣ್ಣೆ ಸವರಿದರು. ತೊರೆಗಾವಿಯ ಜನ ಉಂಡುಟ್ಟು ಸುಖವಾಗಿದ್ದರು. ಸಾಂತಲಿಯ ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎನ್ನುತ್ತೀರಾ? ಎಲ್ಲಿಯ ಮಾತು! ಆಗಾಗ ಮುಖ ಊದಿಸಿ ಕೂರುತ್ತಿದ್ದಳಂತೆ. ಆಗ ಪದುಮಲೆ ಎಣ್ಣೆಯ ಬಟ್ಟಲು ಹಿಡಿದು ಬಂದು, "ಕಾಲು ಚಾಚು, ಅಕ್ಕಾ," ಎನ್ನುತ್ತಿದ್ದಳಂತೆ.