ಸಹವಾಸಮಾಪಕ

ಹೆರಿಗೆ ಕೋಣೆಯ ಗೋಡೆಯಲ್ಲಿ ಒಂದು ಪರದೆಯಿತ್ತು. ಆ ಪರದೆಯ ಮೇಲೆ ತೆರೆದುಕೊಳ್ಳಬೇಕಾದ ಯಾವುದೇ ಜಾಲತಾಣ ಮೊದಲು ಸಹವಾಸಮಾಪಕಕ್ಕೆ ಮುಖ ತೋರಿಸಬೇಕು. ಮಾಪಕ ಕೆಲಸ ಮಾಡುವುದು ಕಣ್ಣಿಗೆ ಕಾಣುವುದಿಲ್ಲ. ನರ್ಸ್ ತಾಣದ ಹೆಸರು ಹೇಳಿದರು, ಪರದೆಯ ಅಂಚು ಒಂದು ಗಳಿಗೆ ನೀಲಿಯಾಯಿತು, ಆಮೇಲೆ ಇಡೀ ಪರದೆ ಬೂದು ಬಣ್ಣಕ್ಕೆ ತಿರುಗಿ ಎರಡು ಸಾಲು ಮೂಡಿದವು. ಈ ವಿಳಾಸದ ಅಂಕ ಐವತ್ತೆಂಟು. ಈ ಕೋಣೆಗೆ ಎಪ್ಪತ್ತು ಬೇಕು.

"ಇನ್ನೊಂದ್ಸಲ ಹೇಳಿ ನೋಡ್ತೀರಾ ಸಿಸ್ಟರ್?" ಎಂದಳು ಚಂಪಕಾ.

"ಆಗ್ಲಿಂದ ಹೇಳ್ತಾನೇ ಇದೀನಲ್ಲ ಮೇಡಂ. ನಾನು ಜೋರಾಗಿ ಹೇಳಿದ್ರೆ ಅದು ಅಂಕ ಜಾಸ್ತಿ ಕೊಡಲ್ಲ."

ಪಕ್ಕದಲ್ಲಿ ಚಂಪಕಾಳ ಅಕ್ಕ ಇಂದುಮತಿ ಎಂಟು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು ಒಮ್ಮೆ ತಂಗಿಯ ಮುಖ, ಒಮ್ಮೆ ನರ್ಸಿನ ಮುಖ ನೋಡುತ್ತಿದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಏನಾಯಿತು ಎಂದು ಕೈಯಲ್ಲೇ ಕೇಳಿದಳು. ಏನಿಲ್ಲ, ಸಣ್ಣ ತೊಂದರೆ, ಎಂದು ಚಂಪಕಾ ಕೈಯಲ್ಲೇ ಹೇಳಿದಳು. ಇಂದುಮತಿ ನಂಬಲಿಲ್ಲ. ಮುಖ ನೋಡಿ ಸುಳ್ಳು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ದಾವಣಗೆರೆಯ ಆ ಆಸ್ಪತ್ರೆಯಲ್ಲಿ ಹೀಗೆ ಮೊದಲೇ ಬಂದು ಪರದೆ ಪರೀಕ್ಷಿಸಿ ಹೋಗಬಹುದಿತ್ತು, ಹೆರಿಗೆಯ ಹೊತ್ತಿಗೆ ಮಾತ್ರ ಮನೆಯವರನ್ನು ಕೋಣೆಗೆ ಬಿಡುತ್ತಿರಲಿಲ್ಲ. ಸೋಂಕಿನ ಭಯದಿಂದ ದೇಶವೆಲ್ಲ ಅದೇ ನಿಯಮ ಬಂದಿತ್ತು. ಇಂದುಮತಿಯ ಮೊದಲ ಹೆರಿಗೆಯಲ್ಲಿ ಒಳಗಿದ್ದವರೆಲ್ಲ ಮಾಸ್ಕ್ ಹಾಕಿಕೊಂಡಿದ್ದರು, ತುಟಿ ಓದುವ ಹಾಗಿರಲಿಲ್ಲ. ಸನ್ನೆಯನ್ನು ಮಾತಾಗಿಸುವ ಯಂತ್ರವೊಂದನ್ನು ಇಟ್ಟಿದ್ದರು. ಅದು ನೆಟ್ಟಗೆ ಕೂತು ನಿಧಾನವಾಗಿ ಮಾಡಿದ ಸನ್ನೆಗಳನ್ನು ಮಾತ್ರ ಕಲಿತಿತ್ತು. ನೋವಿನಲ್ಲಿ ಅರ್ಧಕ್ಕೆ ಬಿಟ್ಟ ಕೈಗಳನ್ನು ಅದಕ್ಕೆ ಓದಲಾಗಲಿಲ್ಲ. ಮಗು ಉಳಿಯಲಿಲ್ಲ. ಅದನ್ನು ಇಂದುಮತಿಗೆ ಯಾರೂ ಹೇಳಲಿಲ್ಲ. ನರ್ಸ್‌ಗಳು ತನ್ನ ಕಣ್ಣು ತಪ್ಪಿಸುವುದನ್ನು ನೋಡಿ ಅವಳೇ ತಿಳಿದುಕೊಂಡಳು.

ಅದಾದ ಮೇಲೆ ಚಂಪಕಾ 'ಕೈಮಾತು' ಎಂಬ ತಾಣ ಕಟ್ಟಿದಳು. ಕಿವಿ ಕೇಳದವರು ಆಸ್ಪತ್ರೆಯಲ್ಲೋ ಪೊಲೀಸ್ ಠಾಣೆಯಲ್ಲೋ ಅದನ್ನು ತೆರೆದರೆ, ಎಲ್ಲೋ ಕುಳಿತ ಒಬ್ಬ ಜೀವಂತ ದುಭಾಷಿ ಪರದೆಗೆ ಬಂದು ಸನ್ನೆಯನ್ನು ಮಾತಿಗೂ ಮಾತನ್ನು ಸನ್ನೆಗೂ ತಿರುಗಿಸುತ್ತಿದ್ದರು. ಅಕ್ಕನ ಎರಡನೇ ಹೆರಿಗೆಗೆ ಇದು ತೆರೆಯಲೇಬೇಕಿತ್ತು. ಮಿಕ್ಕವರಿಗೆಲ್ಲ ತೆರೆದು ಅಕ್ಕನಿಗೆ ತೆರೆಯದಿದ್ದರೆ ಕಟ್ಟಿದ್ದು ಯಾಕೆ?

ಪ್ರತಿ ಜಾಲತಾಣಕ್ಕೂ ಅಂಕೆಗಳಲ್ಲಿ ಬರೆದ ಒಂದು ಮನೆ ನಂಬರಿರುತ್ತದೆ. ಅದನ್ನು ಐಪಿ ವಿಳಾಸ ಎನ್ನುತ್ತಾರೆ. ಒಂದೇ ನಂಬರಿನಲ್ಲಿ ನೂರಾರು ತಾಣಗಳು ಇರಬಹುದು, ವಠಾರದಲ್ಲಿ ಸಂಸಾರಗಳು ಇರುವ ಹಾಗೆ. ಇಲ್ಲವೇ ಒಂದು ತಾಣ ತನ್ನದೇ ನಂಬರು ತೆಗೆದುಕೊಂಡು ಒಂಟಿ ಮನೆ ಮಾಡಬಹುದು. ಕೈಮಾತು ಶುರುವಾದಾಗ ಜಾಗ ಕೊಟ್ಟ ಕಂಪನಿಯವನು, "ಇಷ್ಟು ಸಣ್ಣ ತಾಣಕ್ಕೆ ಸ್ವಂತ ವಿಳಾಸ ಯಾಕೆ ಮೇಡಂ, ಸುಮ್ಮನೆ ದಂಡ" ಎಂದಿದ್ದ. ಆಗ ಅದು ನಿಜವೂ ಆಗಿತ್ತು.

ಸಹವಾಸಮಾಪಕ ಬಂದದ್ದು ಆಮೇಲೆ. ಅದನ್ನು ಕಂಡುಹಿಡಿದವರು ಧಾರವಾಡದ ವಿಜ್ಞಾನಿ ಡಾ. ಸುನಂದಾ ಉಪಾಧ್ಯೆ. ಕೇಡು ಮಾಡುವ ತಾಣಗಳು ದಿನಕ್ಕೊಂದು ಹೆಸರು ಬದಲಾಯಿಸುತ್ತವೆ, ವಿಳಾಸ ಬದಲಾಯಿಸುವುದು ಅಷ್ಟು ಸುಲಭವಲ್ಲ ಎಂಬುದು ಅವರ ಲೆಕ್ಕ. ಹಾಗಾಗಿ ಮಾಪಕ ತಾಣವನ್ನು ನೋಡುತ್ತಿರಲಿಲ್ಲ, ವಿಳಾಸವನ್ನು ನೋಡುತ್ತಿತ್ತು. ಅಲ್ಲಿ ಇರುವವರು, ಹಿಂದೆ ಇದ್ದವರು, ಎಲ್ಲರ ನಡತೆಯನ್ನೂ ಕಣ್ಣು ಮಿಟುಕಿಸುವುದರೊಳಗೆ ಕೂಡಿಸಿ ಕಳೆದು ಒಂದು ಅಂಕ ಕೊಡುತ್ತಿತ್ತು. ಅದು ಬಂದ ಮೇಲೆ ಆಸ್ಪತ್ರೆಯ ಯಂತ್ರಗಳಿಗೆ ನುಸುಳಿ ಹಾವಳಿ ಮಾಡುವುದು ನಿಂತೇಹೋಗಿತ್ತು. ಅದರಲ್ಲಿ ಸುಳ್ಳಿಲ್ಲ.

ಚಂಪಕಾ ಕಂಪನಿಗೆ ಫೋನ್ ಮಾಡಿದಳು. ಫೋನಿನಲ್ಲಿ ಮಾತಾಡುವ ಮೊದಲು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುವ ಅಭ್ಯಾಸ ಅವಳದು.

"ಸ್ವಂತ ವಿಳಾಸ ತಗೊಂಡ್ಬಿಡಿ ಮೇಡಂ. ಇವತ್ತೇ ಕೊಡ್ತೀವಿ. ನಂಬರಿಗೇನು ಬರ ಇಲ್ಲ."

"ಅದಕ್ಕೆ ಅಂಕ ಎಷ್ಟಿರುತ್ತೆ?"

"ಹೊಸದಲ್ವಾ, ಸೊನ್ನೆ ಇರುತ್ತೆ. ಆರು ತಿಂಗಳು ಚೆನ್ನಾಗಿ ನಡ್ಕೊಂಡ್ರೆ ತಾನಾಗಿ ಏರುತ್ತೆ."

"ಸೊನ್ನೆ ಇದ್ರೆ ಯಾರೂ ಒಳಗೇ ಬಿಡಲ್ಲ. ಒಳಗೇ ಬಿಡದಿದ್ರೆ ಚೆನ್ನಾಗಿ ನಡ್ಕೊಂಡಿದ್ದನ್ನ ನೋಡೋರು ಯಾರು?"

"ಸಿಸ್ಟಂ ಹಂಗಿದೆ ಮೇಡಂ."

ವಠಾರದಲ್ಲಿ ಅಂಕ ಕೆಡಿಸುತ್ತಿರುವವರು ಯಾರೆಂದು ಕೇಳಿದಾಗ ಅವನು ಒಂದು ಹೆಸರು ಕೊಟ್ಟ. ಹರಿಹರದ ಕೊಟ್ರೇಶಪ್ಪ, ಲಗ್ನಪತ್ರಿಕೆ ಮಾಡಿ ಜನರ ಫೋನುಗಳಿಗೆ ಕಳಿಸುವವನು. ಚಂಪಕಾ ಒಬ್ಬ ಖದೀಮನನ್ನು ಊಹಿಸಿಕೊಂಡು ಫೋನ್ ಮಾಡಿದಳು. ಆ ಕಡೆ ಬಂದದ್ದು ಎಲೆಅಡಿಕೆ ತುಂಬಿದ ನಿಶ್ಚಿಂತ ದನಿ.

"ನಿಮ್ಮ ಪತ್ರಿಕೆಗಳಿಗೆ ಜನ 'ಬೇಡ' ಅಂತ ಒತ್ತುತ್ತಿದ್ದಾರಂತೆ" ಎಂದಳು.

"ಒತ್ತದೆ ಏನ್ ಮಾಡ್ತಾರೆ ತಂಗಿ? ಗಂಡಿನ ಕಡೆಯಿಂದ ಒಂದು ಹೋಗುತ್ತೆ, ಹೆಣ್ಣಿನ ಕಡೆಯಿಂದ ಒಂದು. ಸೋದರಮಾವಂದು ಹೆಸರು ಸಣ್ಣಕ್ಷರದಾಗೆ ಹಾಕಿರ್ತಾರೆ, ಅವನು ಸಿಟ್ಟಿಗೆದ್ದು ತಾನೇ ಒಂದು ಬೇರೆ ಮಾಡಿಸ್ತಾನೆ. ಮೂರು ಬಂದ್ರೆ ಎರಡಕ್ಕೆ ಬೇಡ ಅಂತಾರೆ. ಊಟಕ್ಕೆ ಮಾತ್ರ ಎಲ್ಲಾರೂ ಬರ್ತಾರೆ."

"ಸ್ವಲ್ಪ ಕಡಿಮೆ ಜನಕ್ಕೆ ಕಳಿಸೋಕಾಗಲ್ವಾ ಅಣ್ಣ?"

"ಯಾರನ್ನ ಬಿಡಾಣ ಹೇಳು. ಕರೀಲಿಲ್ಲ ಅಂತ ಒಬ್ರು ಮುನಿಸ್ಕೊಂಡ್ರೆ ಮೊಮ್ಮಕ್ಕಳ ಕಾಲಕ್ಕೂ ಆ ಮುನಿಸು ಹೋಗಲ್ಲ. ಆಷಾಢ ಬರ್ಲಿ. ಮದುವೆ ಇರಲ್ಲ, ನಾನೂ ಸುಮ್ನೆ ಕೂತಿರ್ತೀನಿ, ನಿಮ್ಮ ಮಿಷನ್ನೂ ಸುಮ್ನಾಗುತ್ತೆ."

ಅವನು ಹೇಳಿದ್ದು ಸರಿ. ಹಿಂದಿನ ಅಂಕಗಳನ್ನು ತೆಗೆದು ನೋಡಿದರೆ ಪ್ರತಿ ಆಷಾಢದಲ್ಲೂ ವಠಾರ ಎಪ್ಪತ್ತು ದಾಟಿತ್ತು. ಒಂದೇ ಕಾಗದವನ್ನು ಸಾವಿರಾರು ಜನರಿಗೆ ಕಳಿಸುವವನು ಮೋಸಗಾರನೇ ಇರಬೇಕೆಂದು ಮಾಪಕ ತಿಳಿದಿತ್ತು. ನಮ್ಮ ಕಡೆಯ ಮದುವೆ ಎಂದರೇನೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಅಕ್ಕನ ದಿನ ಮಾತ್ರ ಆಷಾಢಕ್ಕೆ ಮೊದಲೇ ಇತ್ತು. ಬೈಯಲು ಒಬ್ಬ ಸರಿಯಾದ ಕೆಟ್ಟವನೂ ಸಿಗಲಿಲ್ಲವಲ್ಲ ಎಂದು ಚಂಪಕಾಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಧಾರವಾಡದ ರೈಲು ಹತ್ತಿದಳು.

ಡಾ. ಉಪಾಧ್ಯೆ ಪ್ರಯೋಗಾಲಯದ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಅವಲಕ್ಕಿ ತಿನ್ನುತ್ತಿದ್ದರು. ಅರುವತ್ತು ದಾಟಿದ ಹೆಂಗಸು. ಚಂಪಕಾ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು.

"ನಾನು ಕೆಟ್ಟವಳಲ್ಲ ಅಂತ ನಿಮ್ಮ ಯಂತ್ರಕ್ಕೆ ಹೇಗೆ ಹೇಳಲಿ?"

"ಹೇಳೂದು ಬ್ಯಾಡ್ರಿ. ಅದಕ್ಕ ಗೊತ್ತೈತಿ." ಅವರು ಪರದೆಯನ್ನು ಅವಳತ್ತ ತಿರುಗಿಸಿದರು. ಕೈಮಾತಿನ ಸ್ವಂತ ನಡತೆಗೆ ತೊಂಬತ್ತಾರು ಅಂಕವಿತ್ತು.

ಚಂಪಕಾ ಆ ಸಂಖ್ಯೆಯನ್ನೇ ನೋಡುತ್ತ ಕೂತಳು. "ಗೊತ್ತಿದ್ದೂ ಬಿಡಲ್ವಾ?"

"ಬಾಗಿಲಿಗೆ ಬಂದು ನಿಲ್ಲೂದು ವಿಳಾಸ, ನೀವಲ್ಲ. ಒಬ್ಬೊಬ್ಬರ್ನ ಬ್ಯಾರೆ ಮಾಡಿ ನೋಡಿದ್ರ ಕೆಟ್ಟವರು ಒಳ್ಳೆಯವರ ಹೆಸರು ಹಾಕ್ಕೊಂಡು ಒಳಗ ಬರ್ತಾರ."

"ಕೊಟ್ರೇಶಪ್ಪ ಒಂದು ತಿಂಗಳು ಕಳಿಸೋದು ನಿಲ್ಲಿಸಿದ್ರೆ?"

"ಮದುವಿ ಸುಗ್ಗ್ಯಾಗ ಒಮ್ಮೆಲೆ ನಿಲ್ಲಿಸಿದ್ರ ಮಾಪಕ ಇನ್ನೂ ಅನುಮಾನ ಪಡತೈತಿ. ಏನೋ ಮುಚ್ಚಿಡಾಕ ಹತ್ಯಾನ ಅಂತ." ಅವರು ಡಬ್ಬಿ ಮುಚ್ಚಿದರು. "ನನ್ನ ಹತ್ರ ಪ್ರಯೋಗಕ್ಕಂತ ಸಾಕಿದ ಒಂದು ಹಳೇ ವಿಳಾಸ ಐತಿ. ಹನ್ನೆರಡು ವರ್ಷದಿಂದ ಅದರ ಮ್ಯಾಲೆ ಒಂದು ಕಲೆ ಇಲ್ಲ. ಒಂದs ಉಳದೈತಿ. ತಗೋರಿ."

ಅಷ್ಟಕ್ಕೆ ಕೈಮುಗಿದು ಏಳಬಹುದಿತ್ತು. ಚಂಪಕಾ ಎದ್ದಳು, ಮತ್ತೆ ಕೂತಳು. "ನಾನು ಬಿಟ್ಟುಬಂದ ಮೇಲೆ ಆ ವಠಾರ ಏನಾಗುತ್ತೆ?"

ಡಾ. ಉಪಾಧ್ಯೆ ವಠಾರದ ಪಟ್ಟಿಯಿಂದ ಕೈಮಾತನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ತೋರಿಸಿದರು. ಐವತ್ತೆಂಟು ಇದ್ದದ್ದು ನಲವತ್ನಾಲ್ಕಕ್ಕೆ ಕುಸಿಯಿತು. ಅಲ್ಲಿ ಉಳಿದವರ ಪೈಕಿ 'ಸರದಿ' ಎಂಬ ಒಂದು ತಾಣವಿತ್ತು. ಅದೇ ದಾವಣಗೆರೆ ಆಸ್ಪತ್ರೆಯ ಡಯಾಲಿಸಿಸ್ ರೋಗಿಗಳು ತಮ್ಮ ಪಾಳಿಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವ ತಾಣ. ಆ ವಾರ್ಡಿನ ಪರದೆಗೆ ಐವತ್ತಾದರೂ ಬೇಕಿತ್ತು.

"ನೀವು ಬಂದದ್ದು ಯಾರ ಸಲುವಾಗಿ? ಅಕ್ಕನ ಸಲುವಾಗಿ ಹೌದಲ್ರಿ?" ಎಂದರು ಅವರು, ಗದರಿಸುವ ಹಾಗೆ ಅಲ್ಲ.

ಹಿಂದಿರುಗುವ ರೈಲಿನಲ್ಲಿ ಚಂಪಕಾ ಸರದಿಯವರಿಗೆ ಒಂದು ಸಂದೇಶ ಬರೆದಳು, ಅಳಿಸಿದಳು, ಇನ್ನೊಂದು ಬರೆದಳು. ವಿಷಯ ತಿಳಿಸುವುದೆಂದರೆ ಒಪ್ಪಿಗೆ ಕೇಳಿದಂತೆ, ಒಪ್ಪಿಗೆ ಕೇಳಿದರೆ ಅವರು ಕೊಡದಿರಲೂಬಹುದು. ಹಾವೇರಿ ದಾಟುವಾಗ ಅದನ್ನೂ ಅಳಿಸಿ ಹೊಸ ವಿಳಾಸಕ್ಕೆ ತಾಣವನ್ನು ಸಾಗಿಸಿದಳು.

ಹೆರಿಗೆಯ ದಿನ ಬೆಳಿಗ್ಗೆ ಪರದೆ ಮೊದಲ ಸಲಕ್ಕೇ ತೆರೆಯಿತು. ಮೈಸೂರಿನಲ್ಲಿ ಕುಳಿತ ದುಭಾಷಿ ಉದ್ದಕ್ಕೂ ಇಂದುಮತಿಯ ಜೊತೆಗಿದ್ದರು. ಡಾಕ್ಟರು ಹೇಳಿದ್ದೆಲ್ಲ ಅವಳಿಗೆ ತಲುಪಿತು, ಅವಳು ಕೇಳಿದ್ದೆಲ್ಲ ಡಾಕ್ಟರಿಗೆ. ಹೆಣ್ಣು ಮಗು. ಹುಟ್ಟಿದ ಕೂಡಲೇ ಇಂದುಮತಿ ಕೇಳಿದ್ದು ಒಂದೇ, ಅಳುತ್ತಿದೆಯಾ ಎಂದು. ಅಳುತ್ತಿದೆ, ನನಗೆ ಇಲ್ಲಿಗೇ ಕಿವಿ ನೋಯುವಷ್ಟು, ಎಂದರಂತೆ ದುಭಾಷಿ.

ಮರುದಿನ ಚಂಪಕಾ ಬಿಸಿನೀರಿನ ಫ್ಲಾಸ್ಕ್ ಹಿಡಿದು ವರಾಂಡದಲ್ಲಿ ಬರುತ್ತಿದ್ದಾಗ ಒಬ್ಬ ಹೆಂಗಸು ಅಡ್ಡ ಬಂದರು. ಜಬೀನಾ, ಸರದಿ ತಾಣ ನಡೆಸುವವರು. ತಾವೂ ಡಯಾಲಿಸಿಸ್‌ಗೆ ಬರುವವರು, ಕೈಗೆ ಬ್ಯಾಂಡೇಜಿತ್ತು.

"ಕೈಮಾತಿನೋರು ನೀವೇ ಅಂತಲ್ಲ? ನಿಮ್ದು ಹೆರಿಗೆ ಕೋಣೆಯಾಗೂ ತೆಗೀತಂತೆ. ನಮ್ದು ವಾರ್ಡಿನಾಗೇ ತೆಗೀತಿಲ್ಲ ನೋಡ್ರಿ. ನಿನ್ನೆ ಜಗಳೂರಿಂದ ಒಬ್ರು ಅಜ್ಜ ಬಂದಿದ್ರು. ಇನ್ನೊಬ್ರು ತಮ್ಮ ಪಾಳಿ ಬಿಟ್ಕೊಟ್ಟಿದ್ದು ವಾರ್ಡಿನೋರಿಗೆ ಕಾಣ್ಲಿಲ್ಲ, ವಾಪಸ್ ಕಳಿಸಿದ್ರು. ಕಾಲು ಊದ್ಕೊಂಡಿತ್ತು ಪಾಪ." ಅವರು ದನಿ ತಗ್ಗಿಸಿದರು. "ನಮ್ಮ ವಠಾರದಿಂದ ಯಾರೋ ಒಳ್ಳೆಯೋರು ಬಿಟ್ಟು ಹೋದ್ರಂತೆ, ಅದಕ್ಕೆ ಹಿಂಗಾಯ್ತು ಅಂತ ಕಂಪನಿಯೋನು ಹೇಳ್ದ. ಯಾರು ಅಂತ ಹೇಳಲಿಲ್ಲ."

"ನಾನೇ" ಎಂದಳು ಚಂಪಕಾ.

ಜಬೀನಾ ಅವಳ ಕೈಯಲ್ಲಿದ್ದ ಫ್ಲಾಸ್ಕ್ ನೋಡಿದರು. "ಮಗು ಏನು?"

"ಹೆಣ್ಣು."

"ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ ಬಿಡ್ರಿ" ಎಂದರು. ಆದರೆ ಮಗು ನೋಡಲು ಒಳಗೆ ಬರಲಿಲ್ಲ.

ಆ ಮಧ್ಯಾಹ್ನವೇ ಚಂಪಕಾ ಧಾರವಾಡಕ್ಕೆ ಫೋನ್ ಮಾಡಿದಳು. ಈ ಸಲ ಹೇಳಬೇಕಾದ್ದನ್ನು ಮೊದಲೇ ಹೇಳಿಕೊಳ್ಳಲಿಲ್ಲ. "ನೀವು ಕೊಟ್ಟ ವಿಳಾಸದಲ್ಲಿ ಇನ್ನೊಬ್ಬರನ್ನ ಇಟ್ಕೋಬಹುದಾ?"

"ಇಟ್ಕೋರಿ. ಅಂಕ ಇಳದ್ರ ನನಗ ಅನಬ್ಯಾಡ್ರಿ."

"ಒಬ್ಬರ ತಪ್ಪಿಗೆ ಇಡೀ ವಠಾರಕ್ಕೆ ಬಾಗಿಲು ಹಾಕು ಅಂತ ಅದಕ್ಕೆ ಕಲಿಸಿದ್ದು ಯಾರು ಮೇಡಂ? ನೀವೇನಾ?"

"ನಾ ಕಲಿಸಿದ್ದಲ್ಲ. ನನ್ನ ಸಣ್ಣ ವಯಸ್ಸಿನ್ಯಾಗ, ಎರಡು ಸಾವಿರದ ಇಪ್ಪತ್ತರ ಆಸುಪಾಸು, ಕಚೇರಿಗಳಾಗ ಜಾಲ ಕಾಯಾಕ ಜನ ಇರ್ತಿದ್ರು. ಒಂದು ಬ್ಯಾಡಾದ ಪತ್ರ ಬಂತಂದ್ರ, ಕಳಿಸಿದವ ಯಾವ ಅಂತ ಹುಡುಕಾಕ ಬ್ಯಾಸರ. ಇಡೀ ವಿಳಾಸಾನ ಬಂದ್ ಮಾಡಿ ಊಟಕ್ಕ ಏಳ್ತಿದ್ರು. ಅಂಥಾ ತೀರ್ಮಾನ ಕೋಟಿಗಟ್ಟಲೆ ಇದ್ವು. ಎಲ್ಲಾ ಕೂಡಿಸಿ ಮಾಪಕಕ್ಕ ಓದಾಕ ಕೊಟ್ವಿ. ಅವರೇನು ಕೆಟ್ಟವರಲ್ರಿ. ಬಾಡಿಗಿ ಮನಿ ಕೊಡೂ ಮುಂದ ಯಾವ ಓಣಿಯವರು ಅಂತ ಕೇಳ್ತಿದ್ರಲ್ಲ, ಅಂಥಾ ಸಾದಾ ಜನ. ಮಾಪಕ ಈಗ್ಲೂ ಹಂಗs ಕಲಿತೈತಿ. ಯಾರು ಯಾರನ್ನ ಹತ್ರ ಕರಕೊಂಡ್ರು, ಯಾರನ್ನ ಬ್ಯಾಡ ಅಂದ್ರು, ಎಲ್ಲಾ ನೋಡಕೋತ ಇರತೈತಿ."

ಸಂಜೆಯೊಳಗೆ ಸರದಿ ಹೊಸ ವಿಳಾಸಕ್ಕೆ ಬಂದು ಸೇರಿತು. ಅಂಕ ಒಂಚೂರು ಇಳಿದು ಎಂಬತ್ತೆಂಟರಲ್ಲಿ ನಿಂತಿತು. ವಾರ್ಡಿನ ಪರದೆ ತೆರೆಯಿತು, ಹೆರಿಗೆ ಕೋಣೆಯದೂ ತೆರೆಯಿತು. ಜಬೀನಾ 'ಆಯ್ತು' ಎಂದಷ್ಟೇ ಬರೆದು ಕಳಿಸಿದರು.

ಇಂದುಮತಿ ಮನೆಗೆ ಬಂದ ವಾರದಲ್ಲಿ ಕೊಟ್ರೇಶಪ್ಪ ಫೋನ್ ಮಾಡಿದ. ದನಿಯಲ್ಲಿ ಮೊದಲಿನ ನಿಶ್ಚಿಂತೆ ಇರಲಿಲ್ಲ.

"ತಂಗಿ, ನಿಮ್ಮ ಹೊಸ ಮನೆಯಾಗೆ ನಮಗೂ ಒಂದು ಮೂಲೆ ಐತಾ? ನೀವೆಲ್ಲ ಬಿಟ್ಟು ಹೋದ್ಮೇಲೆ ವಠಾರದ ಅಂಕ ಬಿದ್ದು ನಮ್ಮ ಪತ್ರಿಕೆ ಈಗ ಯಾರ ಫೋನಿಗೂ ಹೋಗ್ತಿಲ್ಲ. ಮದುವೆ ಮನೆಯೋರು ಬಂದು ಅಂಗಡಿ ಮುಂದೆ ಕುಂತಾರೆ. ಒಬ್ಬನ ಮಗಳ ಮದುವೆ ಬರೋ ಸೋಮವಾರ, ಇನ್ನೂ ಯಾರಿಗೂ ಕರೆ ಮುಟ್ಟಿಲ್ಲ."

"ನೋಡ್ತೀನಿ ಅಣ್ಣ" ಎಂದಳು.

"ನೋಡವ್ವ. ನಾನೇನು ಜಾಸ್ತಿ ಜಾಗ ತಿನ್ನಲ್ಲ."

ಅವನ ಕೋರಿಕೆ ಪರದೆಗೆ ಬಂತು. ಕೆಳಗೆ ಎರಡು ಗುಂಡಿಗಳು: ಸೇರಿಸಿಕೊಳ್ಳಿ, ಬೇಡ. ಅಕ್ಕನ ಮಗು ಚಂಪಕಾಳ ಮಡಿಲಲ್ಲಿ ಮಲಗಿತ್ತು. ಕೈಮಾತಿನಲ್ಲಿ ಮುಂದಿನ ವಾರಕ್ಕೆ ನಾಲ್ವರು ಹೆಂಗಸರು ದುಭಾಷಿಗಾಗಿ ಹೆಸರು ಕೊಟ್ಟಿದ್ದರು, ನಾಲ್ವರದೂ ಹೆರಿಗೆ. ಚಂಪಕಾ ಮೊದಲ ಗುಂಡಿಯತ್ತ ಬೆರಳು ಒಯ್ದಳು. ಒತ್ತುವ ಮೊದಲು ಸುಮ್ಮನೆ ಒಮ್ಮೆ ನೋಡಿಬಿಡೋಣ ಎಂದು ಅವನ ಹಿಂದಿನ ಸುಗ್ಗಿಯ ದಾಖಲೆ ತೆರೆದಳು. ಎಷ್ಟು ಜನ ಬೇಡ ಎಂದಿದ್ದರು ಎಂದು ನೋಡಿದಳು. ಅದರ ಹಿಂದಿನ ವರ್ಷದ್ದನ್ನೂ ನೋಡಿದಳು. ಅವನ ಮೇಲೆ ಅವಳಿಗೆ ಒಂದಿಷ್ಟೂ ಸಿಟ್ಟಿರಲಿಲ್ಲ. ಅವನನ್ನು ಸೇರಿಸಿಕೊಂಡರೆ ಅಂಕ ಎಪ್ಪತ್ತರ ಮೇಲೇ ಉಳಿದರೂ ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು. ಕೂತು ಲೆಕ್ಕ ಹಾಕಿದರೆ ಗೊತ್ತಾಗುತ್ತಿತ್ತು.

ಅಡುಗೆಮನೆಯಿಂದ ಬಂದ ಇಂದುಮತಿ, ಊಟಕ್ಕೆ ಏಳು, ಆರಿಹೋಗುತ್ತದೆ, ಎಂದು ಕೈಯಲ್ಲಿ ಹೇಳಿದಳು.

ಚಂಪಕಾ ಎರಡನೇ ಗುಂಡಿಯನ್ನು ಒತ್ತಿ ಎದ್ದಳು. ಪರದೆಯ ಅಂಚು ಒಂದು ಗಳಿಗೆ ನೀಲಿಯಾಯಿತು. ಆ ದಿನ ದೇಶದಲ್ಲಿ ಯಾರ್ಯಾರೋ ಒತ್ತಿದ್ದ ಲಕ್ಷಾಂತರ ಬೇಡಗಳ ಜೊತೆಗೆ ಮಾಪಕ ಅದನ್ನೂ ತೆಗೆದಿಟ್ಟುಕೊಂಡು, ಇನ್ನಷ್ಟು ಚೆನ್ನಾಗಿ ಕಲಿಯಿತು.